ಡೇರೆಯಲ್ಲಿ ಊರಿದ ಮೊಣಕಾಲು

ಮೇಣದಬತ್ತಿಯನ್ನು ಬೆರಳಲ್ಲಿ ಚಿವುಟಿ ಆರಿಸಿದಾಗ ಏಳುವ ಸಣ್ಣ ಹೊಗೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಪುತ್ತೂರಿನ ನಮ್ಮ ಮನೆಯ ಸಂಜೆಗಳು ಎದ್ದು ಬರುತ್ತವೆ. ಇಗರ್ಜಿಯ ಗಂಟೆ ಹೊಡೆದ ಕೂಡಲೇ ಅಜ್ಜಿ ಶಿಲುಬೆಯ ಮುಂದೆ ಬತ್ತಿ ಹಚ್ಚಿ ಜಪಸರ ಹಿಡಿಯುತ್ತಿದ್ದಳು. ಮನೆಮಂದಿಗೆಲ್ಲ ಅವಳು ಮಾಂಯ್. ಸೆಗಣಿ ಸಾರಿಸಿದ ನೆಲದ ಮೇಲೆ ನಾವು ಸಾಲಾಗಿ ಮೊಣಕಾಲೂರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಬೇಕು. ಕೊನೆಯ ಸ್ತುತಿ ಹಾಡುವವಳು ಅಪ್ಪನ ತಂಗಿ, ನಮ್ಮ ಆಕಯ್. ಅವಳ ದನಿ ಏರಿದರೆ ದಾರಿಹೋಕರೂ ನಿಂತು ಕೇಳುತ್ತಿದ್ದರು. ಇಗರ್ಜಿಯ ಹಾಡುಗಾರರಲ್ಲಿ ಅವಳೇ ಮುಂದಾಳು. ಮದುವೆ ಕೂಡಿಬರದ ಆ ಜೀವಕ್ಕೆ ತನ್ನದು ಅಂತ ಇದ್ದದ್ದು ಅದೊಂದೇ.

ಒಂದು ವರ್ಷ ಕೊಯ್ಲು ಮುಗಿದ ಗದ್ದೆಯಲ್ಲಿ ಸಿನೆಮಾದ ಡೇರೆ ಎದ್ದಿತು. ನಮ್ಮ ತೇರ್ಸಿನ ಹೊತ್ತಿಗೇ ಅದರ ಲೌಡ್‌ಸ್ಪೀಕರು ಹಾಡತೊಡಗುತ್ತಿತ್ತು. ಜಪದ ನಡುವೆ ಆಕಯ್‌ಳ ಬೆರಳು ತಾಳ ಹಾಕುವುದನ್ನು ನಾನು ಓರೆಗಣ್ಣಲ್ಲಿ ಕಂಡಿದ್ದೆ. ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ಖಂಡತುಂಡವಾಗಿ ಹೇಳಿಬಿಟ್ಟರು: ಆ ಡೇರೆ ಮನೆ ಮನೆಯ ಮಾನ ತೆಗೆಯುತ್ತದೆ, ಅಲ್ಲಿಗೆ ಕಾಲಿಟ್ಟವರು ಇಗರ್ಜಿಯಲ್ಲಿ ಹಾಡುವಂತಿಲ್ಲ. ಮಾಂಯ್ ಮನೆಗೆ ಬಂದು ಅದನ್ನೇ ಮೂರು ಸಲ ಹೇಳಿದಳು.

ಮುಂದಿನ ಶನಿವಾರ ಹಾಡಿನ ಅಭ್ಯಾಸವೆಂದು ಹೊರಟ ಆಕಯ್ ತೇರ್ಸಿಗೆ ಬರಲಿಲ್ಲ. ಮಾಂಯ್ ನನ್ನ ಕೈ ಹಿಡಿದು ಇಗರ್ಜಿಗೆ ಹೋದರೆ ಬಾಗಿಲಿಗೆ ಬೀಗ. ಅವಳು ನೇರ ಗದ್ದೆಯ ಕಡೆ ತಿರುಗಿದಳು. ಮಗಳನ್ನು ಜಡೆ ಹಿಡಿದು ಎಳೆದು ತರುತ್ತಾಳೆಂದೇ ನಾನು ಅಂದುಕೊಂಡೆ. ಟಿಕೇಟಿನವನು ಅವಳ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ. ಒಳಗೆ ಕತ್ತಲು, ಸಾಲು ಬೆಂಚುಗಳು, ಎಲ್ಲರ ಮುಖ ಒಂದೇ ಕಡೆ, ಎದುರಿಗೆ ಬೆಳಕು. ಪರದೆಯಲ್ಲಿ ಒಬ್ಬ ತಾಯಿ ಸತ್ತ ಮಗನನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅಷ್ಟು ಜನರಲ್ಲಿ ಒಂದು ಕೆಮ್ಮು ಕೂಡ ಇರಲಿಲ್ಲ. ಬೆಂಚಿನ ಹತ್ತಿರ ಬಂದದ್ದೇ, ಇಗರ್ಜಿಯಲ್ಲಿ ಕೂರುವ ಮೊದಲು ಮಾಡುವ ಹಾಗೆ, ಮಾಂಯ್‌ಳ ಬಲ ಮೊಣಕಾಲು ನೆಲ ಮುಟ್ಟಿತು, ಕೈ ಹಣೆಗೆ ಹೋಗಿ ಶಿಲುಬೆಯ ಗುರುತು ಹಾಕಿತು. ಆಮೇಲೆ ಅವಳು ಬೆಚ್ಚಿ ಎದ್ದಳು. ಸಾಲಿನ ತುದಿಯಲ್ಲಿ ಆಕಯ್, ಕೆನ್ನೆಯೆಲ್ಲ ಒದ್ದೆ. ಮಾಂಯ್ ಅವಳ ಪಕ್ಕ ಕೂತವಳು ಆಟ ಮುಗಿಯುವವರೆಗೆ ಏಳಲಿಲ್ಲ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಅಷ್ಟು ದೊಡ್ಡ ಮುಖ, ಅಷ್ಟು ದೊಡ್ಡ ಕಣ್ಣೀರು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ದಾರಿಯಲ್ಲಿ ಆಕಯ್ ಬಿಕ್ಕುತ್ತ, "ಮಾಂಯ್, ಪಾದ್ರಿಗಳಿಗೆ ಹೇಳ್ಬೇಡ" ಎಂದಳು.

"ನೀನು ಒಳಗೆ ಹೋಗುವಾಗ ಮೊಣಕಾಲೂರಿದ್ಯಾ?" ಮಾಂಯ್ ಕೇಳಿದಳು.

"ಇಲ್ಲ."

"ನಾನು ಊರಿದೆ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು: "ಕೆಟ್ಟದ್ದು ಎಂತದೂ ಕಾಣ್ಲಿಲ್ಲ ನನಗೆ. ಆದ್ರೆ ಇಷ್ಟು ಜನ ಇಷ್ಟು ಭಕ್ತಿಯಲ್ಲಿ ಕೂತದ್ದು ನಾನು ಇಗರ್ಜಿಯಲ್ಲೂ ನೋಡ್ಲಿಲ್ಲ. ಅದೇ ಹೆದರಿಕೆ ಆಗುದು."

ಮರುದಿನ ಪ್ರಸಂಗ ಮುಗಿಸಿದ ಪಾದ್ರಿಗಳು ಹಾಡುಗಾರರ ಕಡೆ ತಿರುಗಿ, "ಡೇರೆಗೆ ಹೋದವರು ಇಲ್ಲಿ ಯಾರಾದ್ರೂ ಉಂಟೋ?" ಎಂದು ಕೇಳಿದರು. ಆಕಯ್ ಬಿಳಿಚಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಮಾಂಯ್ ಎದ್ದು ನಿಂತಳು. "ನಾನೂ ಹೋಗಿದ್ದೆ ಫಾದರ್. ಇವಳು ನೋಡಿದ್ದು ಮಾತ್ರ. ನಾನು ಅಲ್ಲಿ ಮೊಣಕಾಲೂರಿದೆ. ದೊಡ್ಡ ಪಾಪ ನನ್ನದು. ಅವಳನ್ನು ಹಾಡ್ಲಿಕ್ಕೆ ಬಿಡಿ." ಪಾದ್ರಿಗಳು ಅವಳನ್ನೇ ನೋಡುತ್ತ ನಿಂತು, ಕೊನೆಗೆ ಪೀಠದ ಕಡೆ ತಿರುಗಿ ಲ್ಯಾಟಿನ್‌ನಲ್ಲಿ ಪೂಜೆಯ ಹಾಡಿನ ಮೊದಲ ಸಾಲು ಎತ್ತಿಕೊಟ್ಟರು. ಎರಡನೆಯ ಸಾಲಿಗೆ ಆಕಯ್‌ಳ ದನಿ ಎದ್ದಿತು. ಅಂಥ ಹಾಡು ನಾನು ಮತ್ತೆ ಎಲ್ಲೂ ಕೇಳಿಲ್ಲ.

ಮಾಂಯ್ ಹೋದಳು, ಆಕಯ್ ಹೋದಳು. ಈಗ ನಮ್ಮ ಮನೆಯಲ್ಲಿ ಸಂಜೆಯಾದರೆ ಎಲ್ಲರ ಮುಖ ಟೀವಿಯ ಒಂದೇ ಬೆಳಕಿನ ಕಡೆ ತಿರುಗಿರುತ್ತದೆ, ಕೆಮ್ಮಿದರೆ ಸಿಡುಕುತ್ತಾರೆ. ನಾನೂ ಅವರ ಜೊತೆಗೇ ಕೂತಿರುತ್ತೇನೆ. ಕರೆಂಟು ಹೋದ ಸಂಜೆ ಮಾತ್ರ ಶಿಲುಬೆಯ ಮುಂದೆ ಒಂದು ಬತ್ತಿ ಉರಿಯುತ್ತದೆ. ಕರೆಂಟು ಬಂದ ಕೂಡಲೇ ಅದನ್ನು ಚಿವುಟಿ ಆರಿಸುವವಳು ನಾನೇ.