ಎಡಗೈಯ ನಲವತ್ತು ಸೆಕೆಂಡು

ಚಳಿಗಾಲ ಗಂಟುಮೂಟೆ ಕಟ್ಟುತ್ತಿರುವ ದಿನಗಳು. ಬುಧವಾರದ ಬೆಳಗಿನ ಐದೂವರೆ. ರಸ್ತೆ ಇನ್ನೂ ಎದ್ದಿಲ್ಲ, ರಸ್ತೆಯ ಧೂಳೂ ಎದ್ದಿಲ್ಲ. ಹಿಂದಿನ ಕೋಣೆಯ ಮೇಜಿನ ಮೇಲೊಂದು ಹಾಲುಬಿಳಿ ಗಾಜು, ಅದರ ಕೆಳಗೆ ಉರಿಯುವ ಬಲ್ಬು. ಎಡಕ್ಕೊಂದು ರೀಲು, ಬಲಕ್ಕೊಂದು ರೀಲು, ನಡುವೆ ಅರವತ್ತೇಳು ವರ್ಷದ ಎರಡು ಕೈ. ಬೀದಿಯವರು ರೀಲಮ್ಮ ಎಂದೇ ಕರೆಯುವ ಈಕೆ ಕಣ್ಣು ಮುಚ್ಚಿಕೊಂಡು ಫಿಲಮ್ಮಿನ ಅಂಚನ್ನು ಬೆರಳುಗಳ ನಡುವೆ ಹರಿಯಬಿಡುತ್ತಾರೆ. ಅಂಚಿನ ಸಾಲು ತೂತುಗಳಲ್ಲಿ ಎಲ್ಲಾದರೂ ಒಂದರ ಬಾಯಿ ಹರಿದಿದ್ದರೆ ಬೆರಳು ತಾನಾಗಿ ನಿಲ್ಲುತ್ತದೆ.

“ಕಣ್ಣಿಗೆ ವಯಸ್ಸಾಯ್ತು, ಬೆರಳಿಗೆ ಇನ್ನೂ ಆಗಿಲ್ಲ,” ಎನ್ನುತ್ತಾರೆ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಒರೆಸುತ್ತಿರುವ ಗಂಡ ಅಲ್ಲಿಂದಲೇ ಬಾಯಿ ಹಾಕುತ್ತಾರೆ. “ಊರೆಲ್ಲ ರೀಲು ಬಿಡುತ್ತೆ. ಸುತ್ತಿಡೋಳು ನಮ್ಮನೆಯವಳೊಬ್ಬಳೇ.”

“ನೀವು ಬಿಟ್ಟಿದ್ದನ್ನ ಸುತ್ತೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು ಕಣ್ರೀ!”

ಕೆಲಸ ಕಲಿಸಿದ್ದು ಅಕ್ಕನ ಗಂಡ. ಮನೆಮನೆಗೆ ಪ್ರೊಜೆಕ್ಟರ್ ಹೊತ್ತು ಗೋಡೆಯ ಮೇಲೆ ಚಿತ್ರ ತೋರಿಸುತ್ತಿದ್ದ ಮನುಷ್ಯ. ಹದಿನೆಂಟಕ್ಕೆ ರೀಲಮ್ಮ ಆ ಭಾವನ ಮೇಜಿಗೆ ಕೂತರು. ಕಾಲ ಬದಲಾಯಿತು, ಪ್ರೊಜೆಕ್ಟರುಗಳು ಅಟ್ಟ ಸೇರಿದವು. ಹನ್ನೊಂದು ವರ್ಷ ಒಂದು ಡಬ್ಬಿಯೂ ಬಾಗಿಲಿಗೆ ಬರಲಿಲ್ಲ. ಗಂಡ ಹೊಲಿದ ಗಿರಾಕಿಗಳ ಅಂಗಿಗೆ ಕಾಜಾ ಹೊಲಿದು ಕೈಯ ಚುರುಕು ಉಳಿಸಿಕೊಂಡರು. ಈಗ ಅಟ್ಟ ಗುಡಿಸಿದವರು ಅಪ್ಪನದೋ ಅಜ್ಜನದೋ ಡಬ್ಬಿ ಹಿಡಿದು ಹುಡುಕಿಕೊಂಡು ಬರುತ್ತಾರೆ. ನಾನೂರು ಅಡಿಯ ಒಂದು ರೀಲಿಗೆ ಹದಿನಾರು ಸಾವಿರ ಚಿತ್ರ. ದಿನಕ್ಕೆ ಒಂದೇ ರೀಲು. ಕೆಟ್ಟ ಫಿಲಮ್ಮಿನ ಹುಳಿ ವಾಸನೆಗೆ ತಲೆ ಸಿಡಿಯುತ್ತದೆ, ಅದಕ್ಕಿಂತ ಹೆಚ್ಚು ಆಗದು. ಹರಿದ ಕಡೆ ಬ್ಲೇಡಿನಿಂದ ಕೆರೆದು, ಅಂಟು ಸವರಿ, ಒತ್ತಿ ಹಿಡಿದು ಮೂವತ್ತು ಎಣಿಸಬೇಕು. “ಇಪ್ಪತ್ತೊಂಬತ್ತಕ್ಕೆ ಬಿಟ್ಟೋರ ಬೆಸುಗೆ ಒಂದಲ್ಲ ಒಂದಿನ ಬಾಯಿ ಬಿಡುತ್ತೆ.”

ಇಂದು ಗಾಜಿನ ಮೇಲಿರುವುದು ಲೈಬ್ರರಿ ಮೇಡಂ ತಂದ ರೀಲು. ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವ, ಐವತ್ತರ ಅಂಚಿನ ಹೆಂಗಸು. ಡಬ್ಬಿಯ ಚೀಟಿಯಲ್ಲಿ ಎಡಗೈಯಿಂದ ವಿಳಾಸ ಬರೆಯುವಾಗ, ಶಾಲೆಯ ಮಕ್ಕಳ ಹಾಗೆ ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು. ಆಕೆಗೆ ಒಂದೂವರೆ ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ತಾಯಿ ಎಂದು ಉಳಿದಿರುವುದು ಈ ರೀಲಿನ ನಲವತ್ತು ಸೆಕೆಂಡು, ಅದೂ ಮಸುಕು. ಅಪ್ಪ ಒಮ್ಮೆಯೂ ಕೂತು ನೋಡಿದವರಲ್ಲ. ದೀಪ ಆರಿಸಿದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದರಂತೆ.

“ಎಡಗೈಯಲ್ಲಿ ಬರೀತೀಯಾ ಅಂತ ಶಾಲೇಲಿ ಗೆಣ್ಣಿನ ಮೇಲೆ ಹೊಡೀತಿದ್ರು. ಅಮ್ಮಂದೂ ಎಡಗೈಯೇ, ಫಿಲಮ್ಮಲ್ಲಿದೆ, ಬಂದು ನೋಡಿ ಅಂತಿದ್ದೆ,” ಎಂದು ಮೇಡಂ ನಕ್ಕಿದ್ದರು. “ಆ ಒಂದು ಧೈರ್ಯದ ಮೇಲೇ ಬೆಳೆದೆ ಅಮ್ಮ.”

ದರ್ಜಿ ಗಂಡ ಟೀ ಲೋಟ ಹಿಡಿದು ಬಂದು ಭೂತಗನ್ನಡಿಯಲ್ಲಿ ಇಣುಕುತ್ತಾರೆ. ಹೆಂಗಸೊಬ್ಬಳು ಗಂಡ ತೊಟ್ಟ ಅಂಗಿಗೇ ಗುಂಡಿ ಹೊಲಿಯುತ್ತಿದ್ದಾಳೆ, ಸೂಜಿ ಎಡಗೈಯಲ್ಲಿ.

“ಜೇಬು ಬಲಕ್ಕೆ ಹೊಲಿದ ಆ ಪುಣ್ಯಾತ್ಮ ದರ್ಜಿ ಯಾರೇ?”

ರೀಲಮ್ಮ ತಟ್ಟನೆ ಫಿಲಮ್ಮಿನ ಅಂಚನ್ನು ಕೆಳತುಟಿಗೆ ತಾಗಿಸುತ್ತಾರೆ. ಚಿತ್ರವಿರುವ ಮಂಕು ಬದಿ ಒದ್ದೆ ತುಟಿಗೆ ಅಂಟುತ್ತದೆ, ನುಣುಪು ಬದಿ ಜಾರುತ್ತದೆ. ಅಂಟಬೇಕಾದದ್ದು ಜಾರಿತು. ಈ ಹದಿನಾರು ಅಡಿಯನ್ನು ಯಾರೋ ಮಗುಚಿ ಬೆಸೆದಿದ್ದಾರೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಚಿತ್ರದ ಬದಿ ಹಿಂದಾಗಿ ಫೋಕಸ್ ತಪ್ಪಿದ್ದರಿಂದಲೇ ಆ ಮಸುಕು. ಬೆಸುಗೆಯ ಮೂಲೆಯಲ್ಲೊಂದು ಸೂಜಿಮೊನೆಯ ಚುಕ್ಕೆ. ಕೆಲಸ ಕಲಿಯುವಾಗ ಭಾವನ ಬೆಸುಗೆ ಯಾವುದು, ತನ್ನದು ಯಾವುದು ಎಂದು ತಿಳಿಯಲು ಹತ್ತೊಂಬತ್ತರ ಹುಡುಗಿ ಇಡುತ್ತಿದ್ದ ಗುರುತು. ತಮ್ಮದೇ ಗುರುತು.

“ಬಿಟ್ಟಾಕೇ. ಇಷ್ಟು ವರ್ಷ ಇಲ್ಲದ್ದು ಈಗ ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಯ್ತಲ್ರೀ.”

ಬುಧವಾರ ಬೇರೆಲ್ಲ ಹರುಕುಗಳನ್ನು ಬೆಸೆದರು. ಆ ಹದಿನಾರು ಅಡಿಯನ್ನು ಮಾತ್ರ ಶನಿವಾರದವರೆಗೂ ಮುಟ್ಟಲಿಲ್ಲ. ಸುಳ್ಳಿನ ಮೇಲೇ ನಿಂತ ಧೈರ್ಯವಾದರೂ ಅದನ್ನು ಕೀಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಮೇಡಂ ಬರುತ್ತಾರೆ. ರೀಲಮ್ಮ ಸುತ್ತುಬಳಸುವುದಿಲ್ಲ. “ನನ್ನಿಂದ ತಪ್ಪಾಗಿದೆ ತಾಯಿ, ನಲವತ್ತೆಂಟು ವರ್ಷದ ಹಿಂದೆ ಈ ತುಂಡನ್ನ ಮಗುಚಿ ಅಂಟಿಸಿಬಿಟ್ಟಿದ್ದೀನಿ. ನಿಮ್ಮಮ್ಮಂದು ಬಲಗೈ. ಬೇಡ ಅಂದ್ರೆ ಹಾಗೇ ಇರ್ಲಿ, ನಿಮ್ಮಮ್ಮ, ನೀವು ಹೇಳಿದ ಹಾಗೆ.”

ಮೇಡಂ ತಮ್ಮ ಎಡಗೈಯನ್ನೇ ನೋಡುತ್ತಾ ಕೂರುತ್ತಾರೆ.

“ತಿರುಗಿಸಿ,” ಎನ್ನುತ್ತಾರೆ ಕೊನೆಗೆ.

ಕತ್ತರಿಸಿ, ಮಗುಚಿ, ಕೆರೆದು, ಅಂಟಿಸಿ, ಒತ್ತಿ ಹಿಡಿದು ರೀಲಮ್ಮ ಎಣಿಸುತ್ತಾರೆ. ಹತ್ತು ದಾಟುವಷ್ಟರಲ್ಲಿ ಮೇಡಂ ದನಿಯೂ ಜೊತೆ ಸೇರುತ್ತದೆ. ಎರಡು ತುದಿಗೆ ಎರಡು ಸಲ ಮೂವತ್ತು. ದರ್ಜಿ ಕಿಟಕಿ ಮುಚ್ಚಿ, ಅಸ್ತರಿನ ಬಿಳಿ ಬಟ್ಟೆಯನ್ನು ಗೋಡೆಗೆ ಇಳಿಬಿಡುತ್ತಾರೆ. ಪ್ರೊಜೆಕ್ಟರ್ ಕಟಕಟ ಎನ್ನುತ್ತದೆ.

ಸೂಜಿ ಬಲಗೈಯಲ್ಲಿದೆ. ಮಸುಕಿಲ್ಲ, ಅಂಗಿಯ ನೂಲೂ ಕಾಣುತ್ತದೆ, ರೆಪ್ಪೆಯೂ ಕಾಣುತ್ತದೆ. ಗುಂಡಿಯ ಮೇಲೆ ಬಾಗಿದ ಆ ತರುಣಿಯ ತುಟಿಯ ಮೂಲೆಯಲ್ಲಿ ನಾಲಿಗೆಯ ತುದಿ ಹೊರಗಿಣುಕಿದೆ.

“ಅಯ್ಯೋ!” ಎಂದು ಮೇಡಂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. “ಇದು ನಾನೇ ಅಲ್ವಾ? ಇನ್ನೊಂದ್ಸಲ ಹಾಕಿ.” ನಾಲ್ಕು ಸಲ ಓಡಿತು. “ಎಡಗೈ ನಂದೇ ಇರ್ಲಿ ಬಿಡಿ ಅಮ್ಮ. ನಾಲಿಗೆ ಅವಳದು.”

ಇನ್ನೇನು ಆಸೆಯಿದೆ ಎಂದು ಯಾರಾದರೂ ಕೇಳಿದರೆ ರೀಲಮ್ಮ ಅಂಟಿನ ಬಾಟಲಿಗೆ ಬಿರಡೆ ಹಾಕುತ್ತಾ ಹೇಳುತ್ತಾರೆ: “ನಾ ಅಂಟಿಸಿದ ಜಾಗ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ. ಇವತ್ತು ಬೀಳಲಿಲ್ಲ.” ಹೊಸ ಬೆಸುಗೆಯ ಮೂಲೆಯಲ್ಲಿ ಮತ್ತೆ ಒಂದು ಚುಕ್ಕೆ ಇಟ್ಟಿದ್ದಾರೆ.

ಬೀದಿಯ ಧೂಳು ಏಳುವ ಹೊತ್ತಿಗೆ ಲೈಬ್ರರಿ ಮೇಡಂ, ಡಬ್ಬಿಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು, ಹೊರಟುಹೋದರು. ಅವತ್ತು ಭಾನುವಾರ.