ನಾಗಮಂಗಲಕ್ಕೆ ಒಯ್ದ ತಾಳಿ

ಗಂಜಾಂನಿಂದ ನಾಗಮಂಗಲಕ್ಕೆ ನಾನು ಒಬ್ಬಳೇ ಹೊರಟದ್ದು ಬಿ.ಎ. ರಿಸಲ್ಟ್ ಬಂದ ವಾರ, ಅಪ್ಪನ ತಿಥಿ ಮುಗಿದ ಮೂರನೆಯ ದಿನ. ಸೆಕೆಂಡ್ ಕ್ಲಾಸ್ ಬಂದಿತ್ತು. ಹೇಳಿಕೊಳ್ಳಲು ಅಪ್ಪ ಇರಲಿಲ್ಲ. ಬ್ಲೌಸಿನೊಳಗೆ ಗುಲಾಬಿ ಕಾಗದದಲ್ಲಿ ಸುತ್ತಿದ ಒಂದು ತಾಳಿ. ಅಕ್ಕಸಾಲಿಯಾಗಿದ್ದ ಅಪ್ಪ ಅದನ್ನು ನಾಗಮಂಗಲದ ಬೋರೇಗೌಡರ ಮಗಳ ಮದುವೆಗೆಂದು ಮಾಡುತ್ತಿದ್ದರು. ದಾರ ಪೋಣಿಸುವ ಉಂಗುರ ಬೆಸೆಯುವುದೊಂದೇ ಬಾಕಿ ಇದ್ದಾಗ ಅಗ್ಗಿಷ್ಟಿಕೆಯ ಮುಂದೆಯೇ ಒರಗಿಬಿಟ್ಟರು.

“ಕೆ.ಆರ್. ಪೇಟೇಲಿ ನಿಮ್ಮ ದೊಡ್ಡಪ್ಪನ ಕೈಲಿ ಉಂಗುರ ಹಾಕುಸ್ಕೊಂಡು ಹೋಗಿ ಕೊಡು,” ಎಂದಳು ಅಮ್ಮ. “ಆ ಹುಡ್ಗಿ ಕತ್ತಲ್ಲಿ ಇದ್ರೆ ನಿಮ್ಮಪ್ಪನ ಕೈಕೆಲಸ ಭೂಮಿ ಮೇಲೆ ಉಳೀತದೆ.” ಪ್ರಾಮಿಸ್ ಮಾಡಿ ಬಸ್ಸು ಹತ್ತಿದೆ.

ಪಾಂಡವಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬೆಳಗ್ಗೆಯೇ ಸುಡುಬಿಸಿಲು. ಪಕ್ಕದಲ್ಲಿ ಕುಳಿತ ಮುದುಕಿಯ ಮಡಿಲಲ್ಲಿ ಕಾಲು ಕಟ್ಟಿದ ಹುಂಜ.

“ಯಾಕವ್ವ ಎದೆ ಇಡ್ಕಂಡು ಕುಂತಿದೀಯೆ, ನೋವಾ?”

ಇಲ್ಲವೆಂದೆ.

“ಅಂಗಾರೆ ಕೈ ತಗಿ. ಒಡ್ವೆ ಎಲ್ಲೈತೆ ಅಂತ ಕಳ್ರಿಗೆ ನೀನೇ ತೋರುಸ್ತಿದೀಯಲ್ಲ!”

ಕೈ ತೆಗೆದೆ. ಕಾನ್ವೆಂಟು, ಕಾಲೇಜು ಎಲ್ಲ ಮುಗಿಸಿ ಬಂದವಳಿಗೆ ಇಷ್ಟು ಕಾಮನ್‌ಸೆನ್ಸ್ ಇರಲಿಲ್ಲ.

ಕೆ.ಆರ್. ಪೇಟೆ ತಲುಪಿದಾಗ ಹನ್ನೊಂದೂವರೆ. ದೊಡ್ಡಪ್ಪ ತಾಳಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಏನ್ ಕೈಯ್ಯಪ್ಪಾ ಅವನ್ದು,” ಎಂದು ಚಿಮಟ ಎತ್ತಿಕೊಂಡರು. “ಗೌಡ್ರಿಗೆ ಇಚಾರ ಗೊತ್ತಾ?”

“ಕಾಗದ ಬರೆದಿದ್ದೀನಿ ದೊಡ್ಡಪ್ಪ. ಅಪ್ಪ ತೀರಿಕೊಂಡರು, ತಾಳಿ ಕೆಲಸ ಸ್ವಲ್ಪ ಬಾಕಿ ಇದೆ, ಮಾಡಿಸಿ ತರ್ತೀನಿ ಅಂತ.”

ಚಿಮಟ ಕೆಳಗಿಟ್ಟರು. “ಸಾವ್ನೂ ತಾಳೀನೂ ಒಂದೇ ಕಾಗ್ದದಲ್ಲಿ ಬರುದ್ಯಾ? ಬಿ.ಎ. ಓದಿರೋಳು!”

“ಸುಳ್ಳು ಹೇಳಬಾರದಲ್ಲ.”

“ಸುಳ್ಳೇಳು ಅಂದೋರ್ಯಾರು? ಸುಮ್ಕಿರ್ಬೇಕಿತ್ತು. ಇನ್ನು ಅವ್ರನ್ನ ಕೇಳ್ದೆ ನಾನು ಕೈ ಇಡಾಕಾಗಲ್ಲ. ಓಗವ್ವ, ಅವ್ರೇನಂತಾರೋ ನೋಡು.”

ಫ್ಯಾಕ್ಟ್ಸ್ ಎಲ್ಲ ಬರೆಯಬೇಕು, ಏನನ್ನೂ ಮುಚ್ಚಿಡಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಲೆಟರ್ ರೈಟಿಂಗ್ ಕ್ಲಾಸಿನಲ್ಲಿ ಕಲಿಸಿದ್ದರು. ಹಾಗೆಯೇ ಬರೆದು ನೀಟಾಗಿ ಸೈನ್ ಮಾಡಿದ್ದೆ. ದೊಡ್ಡಮ್ಮ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೊರಟೆ.

ನಾಗಮಂಗಲದ ದಾರಿಯುದ್ದಕ್ಕೂ ಬಂಡೆ, ಕೆಂಪು ಹೊಲ. ಬಸ್ಸಿನ ಬಾನೆಟ್ಟಿನ ಕಾವಿಗೆ ಕಾಲು ಸುಡುತ್ತಿತ್ತು. ಮೂರು ಗಂಟೆಗೆ ಬೋರೇಗೌಡರ ಮನೆ ಮುಟ್ಟಿದೆ. ಹಸಿರು ಚಪ್ಪರ ಎದ್ದಿತ್ತು. ಅದರಾಚೆ ಚರಂಡಿಯ ಪಕ್ಕ ನೀಲಿ ಇನ್‌ಲ್ಯಾಂಡ್ ಲೆಟರಿನ ಚೂರುಗಳು, ನನ್ನದೇ ಹ್ಯಾಂಡ್‌ರೈಟಿಂಗು. ಸಾವಿನ ಕಾಗದವನ್ನು ಮನೆಯೊಳಗೆ ಇಡುವುದಿಲ್ಲ. ಓದಿ, ಹೊರಗೇ ಹರಿದಿದ್ದರು.

ಚಪ್ಪರದ ಹೊರಗೆ ಒಂದು ಅಗ್ಗಿಷ್ಟಿಕೆ ಆಗಲೇ ಉರಿಯುತ್ತಿತ್ತು. ಊರಿನ ಅಕ್ಕಸಾಲಿ ಆಚಾರರನ್ನು ಕರೆಸಿದ್ದರು.

“ನಿಮ್ಮಪ್ಪ ಒಳ್ಳೆ ಮನ್ಸ ಕಣವ್ವ,” ಎಂದರು ಗೌಡರು, ನನ್ನ ಮುಖ ನೋಡದೆ. “ಆದ್ರೆ ಕತ್ತು ನನ್ ಮಗಳ್ದಲ್ವಾ.”

ಜಗಲಿಯ ಮೇಲಿಂದ ಅವರ ತಾಯಿ ಕೂಗಿದರು. “ಕರಗುಸ್ಬುಡ್ಲಿ ಬುಡು. ಚಿನ್ನುಕ್ಕೇನು ಸೂತ್ಕ?”

“ಉಂಗುರ ಒಂದೇ ಬಾಕಿ ಅಜ್ಜಿ,” ಎಂದೆ. “ನೋಡಿ, ಎಷ್ಟು ಚೆನ್ನಾಗಿದೆ.”

ಯಾರೂ ನೋಡಲಿಲ್ಲ. ಆಚಾರರು ನನ್ನ ಕೈಯಿಂದ ತಾಳಿ ತೆಗೆದು ಮಣ್ಣಿನ ಮೂಸೆಗೆ ಹಾಕಿ, ಕೆಂಡದ ಮೇಲಿಟ್ಟು, ಊದುಗೊಳವೆಯನ್ನು ನನ್ನ ಕಡೆಗೇ ಚಾಚಿದರು. “ಸತ್ತೋರ ಕೆಲ್ಸ ಅವ್ರ ಮನೆಯೋರೇ ಅಳುಸ್ಬೇಕು. ಊದವ್ವ.”

ನಾನು ಕೊಳವೆ ಮುಟ್ಟಿದ್ದು ಅದೇ ಮೊದಲು. ನಿನ್ನ ಕೈಗೆ ಪೆನ್ನು ಸಾಕು ಎಂದು ಅಪ್ಪ ಮುಟ್ಟಗೊಡುತ್ತಿರಲಿಲ್ಲ. ಮೊದಲ ಸಲ ಬೂದಿ ಹಾರಿ ಕಣ್ಣಿಗೆ ಬಿತ್ತು.

“ಓದ್ಕಂಡಿರೋಳ್ಗೆ ಉಸ್ರೇ ಇಲ್ವಲ್ಲಪ್ಪ!” ಎಂದು ಅಜ್ಜಿ ನಕ್ಕರು.

ಮತ್ತೆ ಊದಿದೆ, ಎದೆ ನೋಯುವವರೆಗೆ. ಅಂಚಿಗೆ ಅಪ್ಪ ಕೊರೆದಿದ್ದ ಸಣ್ಣ ಎಸಳುಗಳು ಮೊದಲು ಮಂಕಾದವು. ಆಮೇಲೆ ಒಟ್ಟಿಗೆ ಕುಸಿದು ಮೂಸೆಯಲ್ಲಿ ಒಂದು ಗುಂಡು ಉಳಿಯಿತು. ಆಚಾರರು ಅದನ್ನು ತೂಗಿ, “ಸರ್ಯಾಗದೆ,” ಎಂದರು. ಅಪ್ಪ ಗುಂಜಿ ಚಿನ್ನವನ್ನೂ ಉಳಿಸಿಕೊಂಡಿರಲಿಲ್ಲ, ಅದನ್ನಾದರೂ ಅಮ್ಮನಿಗೆ ಹೇಳಬಹುದಿತ್ತು.

ನಾಲ್ಕೂವರೆಯ ಬಸ್ಸಿನಲ್ಲಿ ಹೊರಟು ದೀಪ ಹಚ್ಚುವ ಹೊತ್ತಿಗೆ ಗಂಜಾಂ ಸೇರಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

“ಇಷ್ಟಪಟ್ರಾ?”

“ಹೂಂ. ಅವರಜ್ಜಿ ಕಣ್ಣಿಗೊತ್ತಿಕೊಂಡರು. ಅಪ್ಪ ಮಾಡಿದ್ದನ್ನೇ ಕಟ್ತಾರಂತೆ.”

“ತುಟಿ ಮೇಲೇನೇ ಮಸಿ?”

“ಬಸ್ಸಿನ ಹೊಗೆ.”

ಅಮ್ಮ ಸೆರಗಿನ ತುದಿಯಿಂದ ಒರೆಸಿದಳು. ಅಪ್ಪನ ತುಟಿಯಿಂದ ಊದುಗೊಳವೆಯ ಅದೇ ಮಸಿಯನ್ನು ಇಪ್ಪತ್ತೈದು ವರ್ಷ ಒರೆಸಿದವಳು. ಬೇರೇನೂ ಕೇಳದೆ ಊಟಕ್ಕೆ ತಟ್ಟೆ ಹಾಕಿದಳು.