ರೇಣವ್ವ ರಾಜನಾಗಿದ್ದ ಅಂಗಳ

ಇಲ್ಲ... ನಂಬಲು ಆಗುತ್ತಿಲ್ಲ.

ನಿನ್ನೆ ಸಂಜೆ ಬಬಲೇಶ್ವರದ ಬಜಾರಿನಲ್ಲಿ ಕಿರೀಟ ತೊಟ್ಟು ಗುಡುಗಿದವಳು, ಇವತ್ತು ನಸುಕಿನಲ್ಲಿ ವಿಜಯಪುರದ ಆಸ್ಪತ್ರೆಯಲ್ಲಿ ಉಸಿರು ನಿಲ್ಲಿಸಿದಳು.
ಹಾರ್ಟ್ ಅಟ್ಯಾಕ್ ಅಂದರು...

ರೇಣವ್ವ. ಕಳ್ಳಕವಟಗಿಯ ರೇಣುಕಾ.
ನಮ್ಮ ಬೀದಿನಾಟಕ ತಂಡದ ದೊಡ್ಡ ದನಿ. ನನ್ನ ಶಾಲೆಯ ಗೆಳತಿ.

ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್... "ಅಕ್ಕಾ, ಆಕಿ ಬಗ್ಗೆ ನಾಕು ಮಾತು ಬರೀರಿ."
ಬರೆಯುತ್ತೇನೆ.
ಮೊದಲು ನಮ್ಮ ಶಾಲೆ ಕಟ್ಟಿದವರು ಅವಳಿಗೆ ಕೊಟ್ಟ ಮಾತುಗಳು. ಕಣ್ಣೀರು ಆಮೇಲೆ.

ದೊಡ್ಡವಳಾಗಿ ಬಾ, ಇದೇ ಶಾಲೆಯಲ್ಲಿ ನಾಟಕ ಕಲಿಸು ಅಂದಿದ್ದರು. ಬಂದಾಗ, ಆ ಕೆಲಸವೇ ಇಲ್ಲ ಅಂದರು.
ಅಂಗಳದ ಕಟ್ಟೆ ಎಂದೆಂದಿಗೂ ಮಕ್ಕಳದ್ದು ಅಂದಿದ್ದರು. ಅದನ್ನು ಒಡೆದು ಸ್ಕೂಲ್ ಬಸ್ ನಿಲ್ಲಿಸಿದರು.
ಹಲಗಿ ಎಲ್ಲರ ವಾದ್ಯ ಅಂದಿದ್ದರು. ಅದೀಗ ರಿಸೆಪ್ಷನ್ ಗೋಡೆಯ ಮೇಲೆ ಶೋಪೀಸ್.
ಇಲ್ಲಿ ಜಾತಿ ಇಲ್ಲ ಅಂದಿದ್ದರು...
ಅದನ್ನು ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಹೇಳಬೇಕು.
ತಿಕೋಟಾ ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ನಮ್ಮದೊಂದು ಶಾಲೆ ಇತ್ತು. ಊರವರ ಬಾಯಲ್ಲಿ "ಕುಣಿಯೋ ಸಾಲಿ". ಮಗ್ಗಿಯನ್ನು ತಾಳ ಹಾಕಿ ಕಲಿತೆವು. ಇತಿಹಾಸವನ್ನು ಆಡಿ ತೋರಿಸಿದ ಮೇಲೆಯೇ ಬರೆಯಬೇಕಿತ್ತು. ಸರ್, ಮೇಡಂ ಅನ್ನುವಂತಿರಲಿಲ್ಲ. ಎಲ್ಲರೂ ಅಣ್ಣ, ಅಕ್ಕ. ಶಾಲೆ ಕಟ್ಟಿದವರು ನಮಗೆ ದೊಡ್ಡಣ್ಣ.

ಶನಿವಾರ ನಾಟಕ.
ಅದಕ್ಕೊಂದೇ ಕಟ್ಟಳೆ... ರಾಜನ ಪಾರ್ಟು ಹಾಕಿದವರು ಮರುದಿನ ಬೆಳಿಗ್ಗೆ ಬಂದು ಅಂಗಳ ಗುಡಿಸಬೇಕು. ಯಾರ ಮನೆಯ ಮಗುವಾದರೂ ಸರಿ.

ರೇಣವ್ವ ಬಂದ ಹೊಸದರಲ್ಲಿ ಬಾಗಿಲ ಬಳಿಯೇ ಕೂರುತ್ತಿದ್ದಳು. ಮಾತಿಲ್ಲ. ಅವಳ ಅಪ್ಪ ಹಲಗಿ ಬಾರಿಸುವವರು. ಊರ ಮದುವೆಗಳಲ್ಲಿ ಹಂದರದ ಹೊರಗೆ ನಿಂತು ಬಾರಿಸಿ, ಹೊರಗೇ ಉಂಡು ಹೋಗುವವರು.
ದೊಡ್ಡಣ್ಣ ಒಂದು ದಿನ ಅವರನ್ನೇ ಕರೆಸಿದರು. ಅಂಗಳದ ನಡುವೆ ಕುರ್ಚಿ ಹಾಕಿ ಕೂಡಿಸಿದರು. "ನಮ್ಮ ಹುಡುಗರಿಗೆ ಕಲಸ್ರಿ" ಅಂದರು.
ಗೌಡರ ಮನೆಯ ನಾನು ನೆಲದ ಮೇಲೆ ಕೂತು ಅವರಿಂದ ಹಲಗಿ ಕಲಿತೆ.
ಅಪ್ಪನನ್ನು ಕುರ್ಚಿಯಲ್ಲಿ ಕಂಡ ಆ ದಿನವೇ ರೇಣವ್ವನ ದನಿ ಹೊರಬಂತು. ಆ ಶನಿವಾರ ಅವಳೇ ರಾಜ!

ಮುಂದಿನ ವಾರ ನಾನು ರಾಜ. ಮರುದಿನ ಗುಡಿಸುತ್ತಿದ್ದಾಗ ನಮ್ಮ ಆಯಿ, ಅಪ್ಪನ ತಾಯಿ, ಜಗಳಕ್ಕೇ ಬಂದಳು.
"ಗೌಡ್ರ ಹುಡುಗಿ ಕೈಗೆ ಕಸಬರಿಗಿ ಕೊಟ್ಟೀರಲಾ, ನಾಚಿಕಿ ಐತೇನ ನಿಮಗ?"
ದೊಡ್ಡಣ್ಣ ತಣ್ಣಗೆ ಅಂದರು: "ಆಯಿ, ನಿನ್ನಿ ಆಕಿ ರಾಜ ಆಗಿದ್ಳರಿ. ಇವತ್ತ ಗುಡಸ್ಲಿಲ್ಲಂದ್ರ ಕಿರೀಟ ತಲಿಗೇ ಅಂಟ್ಕೊಂಡ ಬಿಡ್ತದ."

ಆ ಮನುಷ್ಯನನ್ನು ನಾವು ನಂಬಿದ್ದೆವು, ಗೆಳೆಯರೇ.
ಅದಕ್ಕೇ ಇಷ್ಟು ಉರಿ.

ರೇಣವ್ವಾ...
ಹೋದ ಜೂನಿನಲ್ಲಿ ನಾವಿಬ್ಬರೂ ದೊಡ್ಡಣ್ಣನ ಹೊಸ ಆಫೀಸಿಗೆ ಹೋಗಿದ್ದೆವಲ್ಲ. ನೀನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಕೆಲಸ ಸಿಕ್ಕೇ ಬಿಟ್ಟಿತೆಂಬ ಖುಷಿಯಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ಪೇಡೆ ಕಟ್ಟಿಸಿಕೊಂಡಿದ್ದೆ.

"ಕಾಲ ಬದಲಾಗೈತವ್ವಾ" ಅಂದರು ಅವರು. "ಪಾಲಕರು ರಿಸಲ್ಟ್ ಕೇಳ್ತಾರ. ನಾಟಕದ ಪೀರಿಯಡ್ಡಽ ತಗದ್ವಿ."
"ಮತ್ತ ನನಗ ಕೊಟ್ಟ ಮಾತು, ಅಣ್ಣಾ?"
"ಬರಿಗೈಲೆ ಕಳಸಂಗಿಲ್ಲ ನಿನ್ನ. ಆಯಾ ಕೆಲಸ ಖಾಲಿ ಐತಿ. ಕಸಾ ಹೊಡಿಯೂದು, ನೆಲಾ ಒರಸೂದು. ನಿನಗೇನ ಹೊಸಾದಲ್ಲಲಾ? ಈ ಅಂಗಳಾ ಹೊಡದಾಕಿನ ನೀನು."

ನೀನು ನಕ್ಕೆ.
"ಹೊಡಿತೀನಿ ಅಣ್ಣಾ. ಸೋಮವಾರ ನಾನು. ಮಂಗಳವಾರ ಈ ಗೌಡ್ತಿ. ಬುಧವಾರ ನೀವು. ಹಂಗಿದ್ರ ಹೇಳ್ರಿ, ಈಗಿಂದೀಗ ಸೆರಗ ಕಟ್ತೀನಿ."
ಅವರು ಮೊಬೈಲ್ ನೋಡತೊಡಗಿದರು.

ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಪೇಡೆ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟೆ.
"ತಿನ್ನಽ ಗೌಡ್ತಿ, ಯಾಕ ಅಳ್ತಿ? ಎಲ್ಲಾರ ಕೈಯಾಗ ಇದ್ದಾಗ ಅದು ಕಸಬರಿಗಿ ಇತ್ತು. ನನ್ನೊಬ್ಬಾಕಿ ಕೈಗೆ ಕೊಟ್ಟ ಮ್ಯಾಲೆ ನನ್ನ ಜಾತಿ ಆತು, ಅಷ್ಟಽ."

ಅಷ್ಟೇನಾ, ರೇಣವ್ವಾ?
ನಿನ್ನ ಬಾಲ್ಯವನ್ನು ಕಟ್ಟಿದ ಕೈಯೇ ಅದನ್ನು ಕೆಡವಿತು. ಬೈದವರನ್ನು ಎದುರಿಸುವುದು ನಮಗೆ ಗೊತ್ತಿತ್ತು. ಕಲಿಸಿದವರೇ ಕಲಿಸಿದ್ದನ್ನು ಮಾರಿಕೊಂಡರೆ ಯಾರ ಮುಂದೆ ಘೋಷಣೆ ಕೂಗಬೇಕು?

ಆದರೂ ನೀನು ಆ ಕಟ್ಟಳೆ ಬಿಡಲಿಲ್ಲ. ನಮ್ಮ ತಂಡದಲ್ಲಿ ಇವತ್ತಿಗೂ ರಾಜನಾದವರೇ ಮರುದಿನ ಆ ಬೀದಿ ಗುಡಿಸುತ್ತೇವೆ. ನಿನ್ನೆ ರಾಜ ನೀನು...
ಇವತ್ತಿನ ಪಾಳಿ ನಿನ್ನದಿತ್ತು.

ಈಗ ನೋಡಿ ಗೆಳೆಯರೇ, ಮಧ್ಯಾಹ್ನದ ಹೊತ್ತಿಗೆ ಶಾಲೆಯ ಗೇಟಿಗೆ ಬ್ಯಾನರ್ ಬಿದ್ದಿದೆ. "ನಮ್ಮ ಶಾಲೆಯ ಹೆಮ್ಮೆಯ ಕಲಾವಿದೆ." ಭಾನುವಾರ ಹನ್ನೊಂದಕ್ಕೆ ಎಸಿ ಹಾಲ್‌ನಲ್ಲಿ ಸಂತಾಪ ಸಭೆಯಂತೆ.
ಆಯಾ ಕೆಲಸಕ್ಕಷ್ಟೇ ಲಾಯಕ್ಕಾಗಿದ್ದವಳು ಸತ್ತ ಮೇಲೆ ಹೆಮ್ಮೆಯಾದಳು!

ಇವತ್ತು ಸಂಜೆ ಕಳ್ಳಕವಟಗಿಯಲ್ಲಿ ಅವಳನ್ನು ಮಣ್ಣು ಮಾಡುತ್ತೇವೆ.
ಭಾನುವಾರ ನಾವು ಅವರಿಗಿಂತ ಮೊದಲೇ ಅಂಗಳದಲ್ಲಿರೋಣ. ಆ ಶಾಲೆಯಲ್ಲಿ ಒಮ್ಮೆಯಾದರೂ ರಾಜನಾದವರೆಲ್ಲ ಬನ್ನಿ. ಡಾಕ್ಟರ್ ಆದವರು, ವಕೀಲರಾದವರು, ದ್ರಾಕ್ಷಿ ವ್ಯಾಪಾರದವರು... ಹಾರ ಬೇಡ. ಕಸಬರಿಗೆ ತನ್ನಿ. ಗೇಟು ತೆರೆಯದಿದ್ದರೆ ಗೇಟಿನ ಮುಂದೆ ಗುಡಿಸೋಣ.

ದೊಡ್ಡಣ್ಣಾ, ನೀವು ಇದನ್ನು ಓದುತ್ತೀರೆಂದು ಗೊತ್ತು. ಗೋಡೆಯ ಮೇಲಿನ ಹಲಗಿ ಇಳಿಸಿಕೊಂಡು ಬರ್ರಿ. ಒಂದೇ ಒಂದು ಕುರ್ಚಿ ತರ್ರಿ. ಅದು ರೇಣವ್ವನ ಅಪ್ಪನಿಗೆ.
ನಿಮ್ಮ ಕಸಬರಿಗೆ ನೀವೇ ತರಬೇಕು.

ನಿನಗೆ ಶಾಂತಿ ಸಿಗಲಿ, ರೇಣವ್ವಾ... ನಮಗೆ ಸದ್ಯಕ್ಕೆ ಬೇಡ.

ಭಾನುವಾರ. ಬೆಳಿಗ್ಗೆ ಏಳು ಗಂಟೆ. ಶಾಲೆಯ ಅಂಗಳ.